ಜಾವಾದ ಟಾಕಿ ಮತ್ತು ನನ್ನ ಸಹಿ

5 ಜುಲೈ 1998, ರವಿವಾರ
ಬಸವಕಲ್ಯಾಣ

ಇವತ್ತು ನಮ್ಮ ಅಂಗಳದಲ್ಲಿ ಒಂದು ಮೋಟಾರ್ ಸೈಕಲ್ಲನ್ನು ಎರಡು ಪಾಲು ಮಾಡಿದರು. ಬರೆದಿಡದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಅಣ್ಣ ಸತೀಶಕುಮಾರನಿಗೂ ತಮ್ಮ ವೀರಭದ್ರನಿಗೂ ಪಾಲು ಮಾಡಿಕೊಡಲು ನಾಲ್ವರು ಹಿರಿಯರು ಬಂದಿದ್ದರು. ಕಲ್ಯಾಣದ ಈ ಮನೆ ಅಣ್ಣನಿಗೆ, ಹುಮನಾಬಾದಿನ ಗೊಬ್ಬರದ ಅಂಗಡಿ ತಮ್ಮನಿಗೆ, ರಾಜೇಶ್ವರದ ರಸ್ತೆ ಬದಿಯ ಹೊಲ ಇಬ್ಬರಿಗೂ ಅರ್ಧರ್ಧ. ಚಹಾ ಕುದಿಯುವುದರೊಳಗೆ ಅಷ್ಟೂ ಮುಗಿಯಿತು. ಉಳಿದದ್ದು ಅಪ್ಪನ ಹಳೆಯ ಜಾವಾ ಗಾಡಿ. ಅದಕ್ಕೆ ಒಂದು ತಾಸು ಜಗಳ. ಇಬ್ಬರಿಗೂ ಅದು ಬೇಕಾಗಿಲ್ಲ, ಆದರೆ ಇನ್ನೊಬ್ಬನಿಗೆ ಸಿಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ಕಾಗದದಲ್ಲಿ ಬರೆದೇಬಿಟ್ಟರು: ಗಾಡಿಯ ಕೆಳಗಿನದು ಹಿರಿಯನಿಗೆ, ಮೇಲಿನದು ಕಿರಿಯನಿಗೆ. ತಮ್ಮ ಅಲ್ಲೇ ಪಾನಾ ತರಿಸಿ ಪೆಟ್ರೋಲ್ ಟಾಕಿ, ಸೀಟು, ಎರಡು ಮಡ್‌ಗಾರ್ಡು, ಹೆಡ್‌ಲೈಟಿನ ಬುರುಡೆ ಬಿಚ್ಚಿಕೊಂಡು ಜೀಪಿನಲ್ಲಿ ಹಾಕಿಕೊಂಡು ಹೋದ. ಎಂಜಿನ್ನೂ ಚೌಕಟ್ಟೂ ಗಾಲಿಗಳೂ ಬೇವಿನ ಗಿಡಕ್ಕೆ ಒರಗಿ ಉಳಿದವು.

ನನ್ನ ಬಗ್ಗೆ ಒಂದೇ ಮಾತು ಬಂತು. ಹಿರಿಯರಲ್ಲೊಬ್ಬರು ಚಹಾ ಬಸಿಯಲ್ಲಿ ಸುರಿದುಕೊಳ್ಳುತ್ತ ಅಂದರು: "ವಿದ್ಯಾವತಿಗೆ ಒಂದು ಛಲೋ ಸೀರಿ ಕೊಟ್ಟು ಉಡಿ ತುಂಬ್ರಿ, ಸಹಿ ಮಾಡ್ತಾಳ. ಮನಿ ಮಗಳು ಆಕಿ, ಕೇಳೋಕಿ ಅಲ್ಲ."

ನಿಜ, ನಾನು ಕೇಳುವವಳಲ್ಲ. ನಲವತ್ತೆರಡು ವರ್ಷವಾಯಿತು, ಮದುವೆಯಾಗಲಿಲ್ಲ, ಕೊಹಿನೂರ ಹಳ್ಳಿಯ ಶಾಲೆಯಲ್ಲಿ ಟೀಚರ ಕೆಲಸ, ಪಗಾರ ಬರುತ್ತದೆ. ಹೊಲ ಕಟ್ಟಿಕೊಂಡು ಏನು ಮಾಡಲಿ? ಆದರೆ ಆ ಟಾಕಿ ಮಾತ್ರ ಒಯ್ಯಬಾರದಾಗಿತ್ತು. ಅಪ್ಪ ದನದ ದವಾಖಾನೆಯ ಕಂಪೌಂಡರ್. ಹಳ್ಳಿಗಳಿಗೆ ಹೊರಟಾಗ ಅಣ್ಣ ತಮ್ಮ ಹಿಂದಿನ ಸೀಟಿನಲ್ಲಿ, ನಾನು ಮುಂದೆ, ಟಾಕಿಯ ಮೇಲೆ. ನನಗೆ ಎಂಟು ವರ್ಷ ತುಂಬುವವರೆಗೆ ಅದು ನನ್ನ ಜಾಗವಾಗಿತ್ತು.

9 ಜುಲೈ

ಅಣ್ಣನನ್ನು ಕೇಳಿದೆ: "ಅಣ್ಣಾ, ನಿನ್ನ ಪಾಲಿನ ಗಾಡಿ ನನಗ ಕೊಡ್ತೀ ಏನು?"

"ತುಕ್ಕ ಹಿಡದ ಕಬ್ಬಿಣ. ಒಯ್ಯಿ, ಅಂಗಳ ಖಾಲಿ ಆಗ್ತದ," ಅಂದ. ತಲೆ ಎತ್ತಿಯೂ ನೋಡಲಿಲ್ಲ. ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟಾದೆ. ಅದೇ ನನಗೆ ರೂಢಿ.

28 ಜುಲೈ, ನಾಗರ ಪಂಚಮಿ

ತಮ್ಮ ಹಬ್ಬಕ್ಕೆಂದು ಹೆಂಡತಿ ಪೂನಂ ಜೊತೆ ಬಂದಿದ್ದ. ನನಗೆ ಹಸಿರು ಇಳಕಲ್ ಸೀರೆ ತಂದಿದ್ದ. ಸೀರೆಯ ಕೆಳಗೆ ಮಡಚಿದ ಒಂದು ಕಾಗದವೂ ಇತ್ತು. ರಾಜೇಶ್ವರದ ಹೊಲಕ್ಕೆ ಗಿರಾಕಿ ಬಂದಿದ್ದಾನಂತೆ, ಹೆದ್ದಾರಿಯ ಬದಿ ಢಾಬಾ ಹಾಕುತ್ತಾನಂತೆ. ನಾನು ಹಕ್ಕು ಬಿಟ್ಟೆನೆಂದು ಸಹಿ ಹಾಕದಿದ್ದರೆ ರಜಿಸ್ಟ್ರಿ ಆಗುವುದಿಲ್ಲವಂತೆ.

"ಟಾಕಿ ಕೊಡು ವೀರೂ," ಅಂದೆ. "ಉಳಿದದ್ದೆಲ್ಲಾ ಆಮ್ಯಾಲ ನೋಡೂಣು."

"ಕೊಡ್ತೀನಿ ಅಕ್ಕಾ. ಸಹಿ ಮಾಡು. ಈ ಕೈಲೆ ಕೊಡು, ಆ ಕೈಲೆ ತಗೋ."

ಸುಮ್ಮನೆ ಕೇಳಿದ್ದರೆ ಆ ಕ್ಷಣವೇ ಸಹಿ ಹಾಕುತ್ತಿದ್ದೆ. ಆದರೆ ಸಂತೆಯ ಮಾತಾಡಿದ. ನಾಳೆ ಅಕ್ಕ ಒಂದು ತಗಡಿನ ಟಾಕಿಗೆ ಸಹಿ ಮಾರಿಕೊಂಡಳು ಎಂದು ಅವನ ಅಂಗಡಿಯ ಕಟ್ಟೆಯಲ್ಲಿ ಮಾತಾಗಬೇಕೆ? ಆಗಲಿಕ್ಕೆ ಬಿಡುವುದಿಲ್ಲ. ಬೇರೆ ಟಾಕಿ ಎಲ್ಲಿದ್ದರೂ ಹುಡುಕಿ ತರುತ್ತೇನೆ, ಅಪ್ಪನ ಗಾಡಿಯನ್ನು ಅಪ್ಪನ ಕಾಲದ ಹಾಗೆಯೇ ಮಾಡುತ್ತೇನೆ. ಆಮೇಲೆ ಅವರ ಕಾಗದಕ್ಕೆ ಪುಕ್ಕಟೆ ಸಹಿ ಹಾಕಿ ಮುಖಕ್ಕೆ ಹಿಡಿಯುತ್ತೇನೆ.

ಸೀರೆ ಟ್ರಂಕಿನಲ್ಲಿಟ್ಟೆ. ಮಡಿಕೆ ಬಿಚ್ಚಿಲ್ಲ.

16 ಆಗಸ್ಟ್, ರವಿವಾರ

ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹುಮನಾಬಾದಿಗೆ ಹೋದೆ. ತಮ್ಮನ ಅಂಗಡಿಯ ಮುಂದೆಯೇ ಟೆಂಪೋ ನಿಂತಿತು, ಎದುರಿಗೆ ಒಂದು ಟ್ರ್ಯಾಕ್ಟರ್ ಸಿಕ್ಕಿಬಿದ್ದಿತ್ತು. ಅವನು ಹೊರಗೆ ಬಂದು ನಕ್ಕ.

"ಅಕ್ಕಾ, ಈ ಎಲುಬಿನ ಗೂಡು ಎಲ್ಲಿಗೆ ಹೊಂಟದ?"

"ಮೈ ತುಂಬಿಕೊಂಡು ಬರಾಕ," ಅಂದೆ.

ಮೊಹಿನುದ್ದೀನ್ ಚಾಚಾ ಅಪ್ಪನ ಕಾಲದ ಮೆಕ್ಯಾನಿಕ್. ಈಗ ಅರವತ್ತು ದಾಟಿದೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಗಾಡಿಯನ್ನು ಒಂದು ಸುತ್ತು ಬಂದು ಎಂಜಿನ್ನಿನ ಮೇಲೆ ಕೈಯಿಟ್ಟರು. "ಇದರ ದಿಲ್ ಪಕ್ಕಾ ಅದ ಟೀಚರಬಾಯಿ. ಮೈ ಇಲ್ಲ. ಜಾವಾದ ಮೈ ಈಗ ಸಿಗೂದಿಲ್ರಿ. ಹೈದರಾಬಾದಿನ ಶೌಕೀ ಮಂದಿ ಬಂದು ಹಳ್ಳಿ ಹಳ್ಳಿ ಹುಡುಕಿ ಒಯ್ದಾರ."

"ಎಲ್ಲಾ ಒಯ್ದಾರ?"

"ಎಲ್ಲಾ ಹ್ಯಾಂಗ ಒಯ್ತಾರ? ಅಲ್ಲೊಂದು ಇಲ್ಲೊಂದು ಇರ್ತದ. ಆದ್ರ ಅದು ಗಾಡೀದು ಅಂತ ಇಟ್ಟೋರಿಗೂ ಗೊತ್ತಿರೂದಿಲ್ಲ."

ಹೆಡ್‌ಲೈಟಿನ ಬುರುಡೆ ಅವರ ಅಟ್ಟದ ಮೇಲೇ ಸಿಕ್ಕಿತು. ಅದರಲ್ಲಿ ಮೊಳೆ ತುಂಬಿಟ್ಟಿದ್ದರು. ಸೀಟನ್ನು ಸೋಫಾ ಹೊಲಿಯುವವನು ಮಾಡಿಕೊಡುತ್ತಾನಂತೆ. ಟಾಕಿಗೆ ಏನು ಮಾಡುವುದು ಎಂದು ಯೋಚಿಸುತ್ತ ಇಬ್ಬರೂ ಚಹಾ ಕುಡಿದೆವು.

13 ಸೆಪ್ಟೆಂಬರ್, ರವಿವಾರ

ಮಡ್‌ಗಾರ್ಡಿಗೆ ದಾರಿ ಸಿಕ್ಕಿತು. ನಮ್ಮ ಕಲ್ಯಾಣದಲ್ಲಿ ಟ್ರಂಕು ಮಾಡುವ ಬಸವಣಪ್ಪ ಕಾಕಾ ಇದ್ದಾರೆ. ನನ್ನ ಸೀರೆಗಳಿರುವ ಟ್ರಂಕೂ ಅವರದೇ ಕೈಯದು. ಮೊದಲು ಒಲ್ಲೆ ಅಂದರು. ಚಾಚಾ ಹಳೆಯ ಪುಸ್ತಕ ನೋಡಿ ಬಿಡಿಸಿಕೊಟ್ಟ ಚಿತ್ರ ತೋರಿಸಿದೆ. ಕಾಕಾ ಎದ್ದು ಹೋಗಿ ಹಿತ್ತಲಿನ ಒರಳುಕಲ್ಲಿನ ಮಣ್ಣು ತೆಗೆದು ತೊಳೆದರು. ತಗಡನ್ನು ಕಾಯಿಸಿ ಒರಳಿನ ಕುಳಿಯ ಮೇಲಿಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿಯುತ್ತ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರು. ಬೆಳಿಗ್ಗೆ ಚಪ್ಪಟೆ ಇದ್ದದ್ದು ಸಂಜೆಯ ಹೊತ್ತಿಗೆ ಗಾಲಿಯ ಮೇಲೆ ಕೂರುವಷ್ಟು ಬಾಗಿತ್ತು. ನಡುವೆ ನಾನೂ ಒಂದು ಪೆಟ್ಟು ಹಾಕಿ ನೋಡಿದೆ. ಅವರು ಅರ್ಧ ತಾಸು ತಿದ್ದಿದ್ದು ನನ್ನ ಒಂದೇ ಪೆಟ್ಟಿಗೆ ಡೊಂಕಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಬೈಯಲಿಲ್ಲ, ಸುತ್ತಿಗೆ ಮಾತ್ರ ಇಸಿದುಕೊಂಡರು.

"ಟಾಕೀನೂ ನೀವೇ ಮಾಡ್ರಿ ಕಾಕಾ," ಅಂದೆ.

"ಆಗೂದಿಲ್ಲ ತಾಯಿ. ಟ್ರಂಕ್ ಅಂದ್ರ ನಾಕು ಮೂಲಿ ಇರ್ತಾವ. ನಿಮ್ಮ ಟಾಕಿಗಿ ಮೂಲೀನೇ ಇಲ್ಲ. ಎಲ್ಲಿ ಸುರು ಮಾಡ್ಲಿ?"

27 ಸೆಪ್ಟೆಂಬರ್

ಜಹೀರಾಬಾದಿನ ಗುಜರಿಯಿಂದ ಟಾಕಿ ತಂದೆ. ಬೇರೆ ಗಾಡಿಯದು. ನಮ್ಮ ಚೌಕಟ್ಟಿನ ಮೇಲೆ ಕೂರಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದೆ, ಸೀರೆಯೆಲ್ಲ ಹೊಲಸು.

11 ಅಕ್ಟೋಬರ್, ರವಿವಾರ
ಮುಡಬಿ

ಸಿಕ್ಕಿತು.

ಮುಡಬಿಯ ಹಿಟ್ಟಿನ ಗಿರಣಿಯಲ್ಲಿ ಎಂಥದೋ ದುಂಡನೆಯ ಟಾಕಿ ನೇತಾಡುವುದನ್ನು ಎಂದೋ ಕಂಡ ನೆನಪು ಎಂದು ಚಾಚಾ ಹೇಳಿ ಕಳಿಸಿದ್ದರು. ಶೇರ್ ಆಟೋದಲ್ಲಿ ಹೋದೆ. ಗಿರಣಿ ನಡೆಸುವವರು ರಾಬಿಯಾ ಎಂಬ ಹೆಂಗಸು. ನನ್ನದೇ ವಯಸ್ಸು, ಗಂಡ ಸತ್ತು ಆರು ವರ್ಷ. ಕರೆಂಟು ಹೋದಾಗ ಗಿರಣಿ ಆಯಿಲ್ ಎಂಜಿನ್ನಿನ ಮೇಲೆ ನಡೆಯುತ್ತದೆ, ಮುಡಬಿಯಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಎಂಜಿನ್ನಿನ ಮೇಲೆ ಗೋಡೆಗೆ ತಂತಿಯಿಂದ ಬಿಗಿದಿದ್ದ ಒಂದು ಟಾಕಿ. ಕೆಳಗಿನಿಂದ ರಬ್ಬರಿನ ಕೊಳವೆ. ಅದರಿಂದಲೇ ಡೀಸೆಲ್ ಇಳಿಯಬೇಕು. ಮೇಲೆಲ್ಲ ಬೆರಳು ದಪ್ಪ ಜೋಳದ ಹಿಟ್ಟು. ನಾನು ಸೆರಗಿನಿಂದ ಒರೆಸಿದೆ. ನೀಲಿ ಬಣ್ಣ, ಬದಿಯಲ್ಲಿ ಬೆಳ್ಳಿಯಂಥ ಪಟ್ಟಿ. ಅಪ್ಪನದು ಕೆಂಪು. ಆದರೆ ಆಕಾರ ಅದೇ. ನನಗೆ ಅಳು ಬಂತು. ಗಿರಣಿಯ ಧೂಳು ಎಂದೆ.

"ನಮ್ಮವರ ಗಾಡೀದು," ಅಂದರು ರಾಬಿಯಾ. "ಗಾಡಿ ಹ್ವಾತು, ಟಾಕಿ ಉಳೀತು. ಇದನ್ನ ಕೊಟ್ರ ನನ್ನ ಗಿರಣಿ ಹ್ಯಾಂಗ ನಡೀಬೇಕ್ರಿ? ಈಗೇ ನೋಡ್ರಿ, ಎಷ್ಟು ಮಂದಿ ಪುಟ್ಟಿ ಹಿಡ್ಕೊಂಡು ಕುಂತಾರ."

ನಾನು ಎಲ್ಲವನ್ನೂ ಹೇಳಿದೆ. ಪಾಲು, ಪಾನಾ, ಸೀರೆ, ಕಾಗದ. ಯಾರಿಗೂ ಹೇಳಿರಲಿಲ್ಲ. ಸಾಲಿನಲ್ಲಿ ಕೂತ ಹೆಂಗಸರೂ ಕೇಳಿಸಿಕೊಂಡರು. ಗಾಡಿಯ ಮೇಲಿನದು ಒಬ್ಬನಿಗೆ, ಕೆಳಗಿನದು ಒಬ್ಬನಿಗೆ ಎಂದಾಗ ಒಬ್ಬಾಕೆ ನಕ್ಕು ನಕ್ಕು ಪುಟ್ಟಿಯ ಜೋಳ ಚೆಲ್ಲಿಕೊಂಡಳು.

ರಾಬಿಯಾ ನಗಲಿಲ್ಲ. "ಅದು ಸರಿ. ನಿಮಗೇನು ಬರೆದ್ರು?" ಎಂದು ಕೇಳಿದರು.

"ಸೀರಿ."

ಅವರು ತಂತಿ ಬಿಚ್ಚತೊಡಗಿದರು. ಕರಾರು ಇಷ್ಟು: ನಾನು ತಗಡಿನದೊಂದು ಚೌಕ ಟಾಕಿ ಮಾಡಿಸಿಕೊಡಬೇಕು. ಅದು ಹೆಚ್ಚು ದಿನ ಬಾಳುವುದಿಲ್ಲ, ಗಿರಣಿಯ ನಡುಕಕ್ಕೆ ಬೆಸುಗೆ ಬಿಡುತ್ತದೆ. ಹಾಗಾಗಿ ಇಂಥದೇ ಗಟ್ಟಿ ಟಾಕಿ ಎಂದಾದರೂ ನನಗೆ ಸಿಕ್ಕರೆ ತಂದು ಇದೇ ಗೋಡೆಗೆ ಕಟ್ಟಬೇಕು. ಆಗಲಿ ಆಪಾ ಎಂದು, ಅಕ್ಕನನ್ನು ಕರೆದ ಹಾಗೆ ಕರೆದು, ಮಾತು ಕೊಟ್ಟೆ.

18 ಅಕ್ಟೋಬರ್

ಆಪಾನ ಗಿರಣಿಗೆ ನಾಲ್ಕು ಮೂಲೆಯ ತಗಡಿನ ಟಾಕಿ ಕಾಕಾ ಮೊನ್ನೆಯೇ ಮಾಡಿಕೊಟ್ಟರು. ನೀಲಿ ಟಾಕಿಯ ತಳದಲ್ಲಿ ಸಾಬೂನು ಮೆತ್ತಿ ಮುಚ್ಚಿದ ಎರಡು ತೂತು. ಬಸವಣಪ್ಪ ಕಾಕಾ ಅದನ್ನು ಮಗುಚಿಟ್ಟು ಗಂಟಲಮಟ್ಟ ನೀರು ತುಂಬಿಸಿಯೇ ಬೆಸುಗೆಗೆ ಕೂತರು. ಒಳಗೆ ಡೀಸೆಲ್ಲಿನ ಆವಿ ಉಳಿದಿದ್ದರೆ ಮನೆ ಹಾರಿಹೋಗುತ್ತದಂತೆ. ಆಮೇಲೆ ಹಳ್ಳದ ಸಣ್ಣ ಹರಳು ಹಾಕಿ ನಾನೇ ಕುಲುಕಾಡಿಸಿದೆ. ಒಳಗಿನ ತುಕ್ಕೆಲ್ಲ ಕಂದು ನೀರಾಗಿ ಬಂತು. ತೋಳು ಎತ್ತಲು ಬರುತ್ತಿಲ್ಲ, ನಾಳೆ ಬೋರ್ಡಿನ ಮೇಲೆ ಬರೆಯುವುದು ಹೇಗೋ.

ಕೆಂಪು ಬಣ್ಣ ಹೊಡೆಸಲೇ ಎಂದು ಕಾಕಾ ಕೇಳಿದರು. ಆಮೇಲೆ ನೋಡೋಣ ಅಂದೆ.

8 ನವೆಂಬರ್, ರವಿವಾರ

ಚಾಚಾ ಮುಡಬಿಗೇ ಬಂದು ಎಲ್ಲವನ್ನೂ ಜೋಡಿಸಿದರು. ಟೆಂಪೋದಲ್ಲಿ ತರಿಸಿದ ಗಾಡಿ ಈಗ ಗಿರಣಿಯ ಹಿಂದಿನ ಚಪ್ಪರದಲ್ಲಿದೆ. ಹುಮನಾಬಾದಿನಲ್ಲಿ ಇಟ್ಟರೆ ತಮ್ಮನಿಗೆ ಸುದ್ದಿ ಮುಟ್ಟಲು ಅರ್ಧ ತಾಸು ಸಾಕು.

ಓಡಿಸುವವರು ಯಾರು ಎಂದು ಚಾಚಾ ಕೇಳಿದಾಗ ಮಾತ್ರ ನಾನು ಬೆಪ್ಪಾದೆ. ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ. "ನಾನೇ," ಎಂದು ಬಾಯಿಂದ ಬಂತು.

ಸೀರೆ ಅಡ್ಡ ಬಂತು. ಅಜ್ಜಿ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಉಟ್ಟೆ. ಆಕೆ ಕಚ್ಚೆ ಹಾಕಿಕೊಂಡೇ ಎತ್ತಿನ ಬಂಡಿ ಹೊಡೆದವಳು. ಈ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಕಡ್ಡಿ. ಒದ್ದು ಎಬ್ಬಿಸಿ, ಅದನ್ನೇ ಮುಂದಕ್ಕೆ ಮಲಗಿಸಿದರೆ ಗೇರು. ಹನ್ನೊಂದನೆಯ ಒದೆತಕ್ಕೆ ಎದ್ದಿತು. ನೀಲಿ ಹೊಗೆ ಚಪ್ಪರವೆಲ್ಲ ತುಂಬಿತು, ಅಪ್ಪ ಮನೆಗೆ ಬಂದಾಗಿನ ವಾಸನೆ.

9 ನವೆಂಬರ್

ನಿನ್ನೆ ಬಿದ್ದದ್ದು ಬರೆದಿರಲಿಲ್ಲ. ಬಿದ್ದೆ. ಎರಡು ಸಲ.

22 ನವೆಂಬರ್

ಅಣ್ಣ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ವಿದ್ಯಾ, ಈ ಮುಂದಿನ ಖೋಲಿ ನಮಗ ಬೇಕಾಗ್ಯದ. ನೀ ಹಿಂದಿನದಕ್ಕ ಹೋಗು," ಅಂದ. ಹಿಂದಿನದರಲ್ಲಿ ಕಟ್ಟಿಗೆ ತುಂಬಿದೆ.

"ಇದು ನಾ ಹುಟ್ಟಿದ ಖೋಲಿ ಅಣ್ಣಾ."

"ಇರಾಕ ಯಾರ ಬ್ಯಾಡ ಅಂದಾರ? ಹಿಂದ ಇರು ಅಂದೆ, ಅಷ್ಟೇ."

ನಾನು ಹೋಗಲಿಲ್ಲ. ಟ್ರಂಕನ್ನು ಬಾಗಿಲಿಗೆ ಅಡ್ಡ ಎಳೆದು ಅದರ ಮೇಲೆ ಕೂತು ಮಕ್ಕಳ ನೋಟ್‌ಬುಕ್ಕು ತಿದ್ದಿದೆ. ಯಾಕೆ ಹಾಗೆ ಮಾಡಿದೆನೋ. ನನ್ನ ಗಾಡಿಗೆ ಹಿಂದಿನ ಬ್ರೇಕು ಇನ್ನೂ ಸರಿಯಾಗಬೇಕು, ತಲೆಯಲ್ಲಿ ಅದೇ ಇತ್ತು.

18 ಡಿಸೆಂಬರ್, ಎಳ್ಳ ಅಮಾವಾಸ್ಯೆ

ರಾಜೇಶ್ವರದ ಹೊಲಕ್ಕೆ ಎಲ್ಲರೂ ಹೋಗಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಪ್ರತಿ ವರ್ಷ ನಾನು ಬುತ್ತಿ ಬಿಚ್ಚಿ ಬಡಿಸುತ್ತ ಕೂರುತ್ತೇನೆ, ಗಂಡಸರು ಹೊಲದ ಸುತ್ತ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬರುತ್ತಾರೆ. ಈ ಸಲ ಅಣ್ಣನೂ ತಮ್ಮನೂ ಢಾಬಾದ ಗಿರಾಕಿಯ ಜೊತೆ ಮಾತಿಗೆ ಕೂತಿದ್ದರು. ಚರಗದ ಬುಟ್ಟಿ ಹಾಗೇ ಇತ್ತು. ಆರಿಹೋಗುತ್ತದೆಂದು ನಾನೇ ಎತ್ತಿಕೊಂಡು ಹೊರಟೆ. ಹಾಗೆ ನೋಡಿದರೆ ಈ ಹೊಲದ ನಾಲ್ಕು ಮೂಲೆ ನನಗೆ ಗೊತ್ತೇ ಇರಲಿಲ್ಲ. ಮೂಡಣದ ಬದುವಿನಲ್ಲಿ ಒಂದು ಬಾರೆಯ ಗಿಡವಿದೆ, ತುಂಬ ಕಾಯಿ. ಪಡುವಣದ ಮೂಲೆಯಲ್ಲಿ ಕಡಲೆ ಮೊಣಕಾಲುದ್ದ ಬಂದಿದೆ. ಚರಗ ಚೆಲ್ಲಿ ಬರುವಷ್ಟರಲ್ಲಿ ಕಾಲು ನೋಯುತ್ತಿತ್ತು. ದೊಡ್ಡ ಹೊಲ.

ಬಂದಾಗ ಪೂನಂ ನನಗೆ ಒಂದು ತಂಬಿಗೆ ನೀರು ಕೊಟ್ಟಳು. ರಜಿಸ್ಟ್ರಿ ಜನವರಿ ಹನ್ನೊಂದಕ್ಕಂತೆ. ಬರ್ತೀನಿ ಅಂದೆ.

"ಟಾಕಿ ತರ್ತೀನಿ ಅಕ್ಕಾ, ಮರೀಬ್ಯಾಡ," ಎಂದು ತಮ್ಮ ಕಣ್ಣು ಹೊಡೆದ.

ಬಾರೆಹಣ್ಣು ತರಬೇಕಾಗಿತ್ತು. ಮರೆತೆ.

10 ಜನವರಿ 1999, ರವಿವಾರ
ಮುಡಬಿ

ಶಾಲೆಗೆ ನಾಳೆ ರಜೆ ಹಾಕಿದ್ದೇನೆ. ರಾಬಿಯಾ ಆಪಾ ಇಲ್ಲೇ ಇರಿಸಿಕೊಂಡಿದ್ದಾರೆ. ನಾಳೆ ಬೆಳಿಗ್ಗೆ ನನ್ನ ಗಾಡಿಯ ಮೇಲೆ ಹೋಗಿ ಪುಕ್ಕಟೆ ಸಹಿ ಒಗೆದು ಬರುತ್ತೇನೆ. ಅಲ್ಲಿಗೆ ಮುಗಿಯಿತು.

11 ಜನವರಿ, ಸೋಮವಾರ
ಬಸವಕಲ್ಯಾಣ

ಕೈಕಾಲು ತೊಳೆದು ಬರೆಯಲು ಕೂತಿದ್ದೇನೆ.

ರಜಿಸ್ಟ್ರಿ ಕಚೇರಿಯ ಮುಂದೆ ಬೇವಿನ ನೆರಳಲ್ಲಿ ಅಣ್ಣ, ತಮ್ಮ, ಗಿರಾಕಿ, ಕಾಗದ ಬರೆಯುವ ಮುನ್ಶಿ ನಿಂತಿದ್ದರು. ತಮ್ಮನ ಕಾಲ ಬಳಿ ಗೋಣಿಚೀಲದಲ್ಲಿ ದುಂಡಗೆ ಏನೋ ಇತ್ತು. ನಾನು ಅವರ ಮುಂದೆಯೇ ಗಾಡಿ ತಂದು ನಿಲ್ಲಿಸಿದೆ. ಕಚ್ಚೆ ಸೀರೆ, ಮುಖದ ಮೇಲೆಲ್ಲ ಮುಡಬಿ ರಸ್ತೆಯ ಧೂಳು. ಹೊಗೆಗೆ ಮುನ್ಶಿ ಕಾಗದದಿಂದ ಗಾಳಿ ಬೀಸಿಕೊಂಡ.

"ಟಾಕಿ ಇಲ್ಲದ ಹ್ಯಾಂಗ ಬಂದಿ?" ಅಂದ ತಮ್ಮ. ಕಣ್ಣೆದುರಿಗೇ ನೀಲಿ ಟಾಕಿ ಇದೆ, ಪಾಪ, ಅವನಿಗೆ ಅದೇ ಬಾಯಿಗೆ ಬಂತು.

"ಪೆಟ್ರೋಲ್ ಹಾಕ್ಕೊಂಡು ಬಂದೆ. ಎಲ್ಲಿ ಕಾಗದ?"

ಮುನ್ಶಿ ಕಾಗದ ಕೊಟ್ಟು ಬೆರಳಿನಿಂದ ಜಾಗ ತೋರಿಸಿದ. ಪೆನ್ನು ತೆಗೆದೆ. ಸಹಿ ಹಾಕಲೆಂದೇ ತೆಗೆದದ್ದು, ಸುಳ್ಳು ಯಾಕೆ ಬರೆಯಲಿ. ಆದರೆ ಇಪ್ಪತ್ತು ವರ್ಷದ ಟೀಚರಿಕೆ, ಓದದೆ ಸಹಿ ಹಾಕಿ ರೂಢಿಯಿಲ್ಲ. ಓದಿದೆ. ನನಗೆ ಸಲ್ಲತಕ್ಕ ಸೀರೆ ಮತ್ತು ಮೋಟಾರ್ ಸೈಕಲ್ಲಿನ ಟಾಕಿ ಸಂತೋಷದಿಂದ ಮುಟ್ಟಿರುತ್ತದೆ, ಇನ್ನು ಹೊಲ ಮನೆ ಅಂಗಡಿಯಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ ಎಂದಿತ್ತು.

"ಇದು ತಪ್ಪು," ಅಂದೆ.

"ಏನು ತಪ್ಪು?" ಅಂದ ಅಣ್ಣ.

"ಟಾಕಿ ಮುಟ್ಟಿಲ್ಲ. ಸಂತೋಷನೂ ಇಲ್ಲ. ತಪ್ಪು ಬರೆದಿದ್ದಕ್ಕ ನಾ ಸಹಿ ಮಾಡೂದಿಲ್ಲ. ಮೂರನೇ ಈಯತ್ತೆ ಹುಡುಗ್ರಿಗೂ ಮಾಡಿಲ್ಲ."

"ಆತು, ಆ ಸಾಲು ತೆಗೆಸ್ತೀವಿ. ತಿದ್ದಿ ಬರಿ ಮುನ್ಶಿ."

"ತಿದ್ದೂದಾದ್ರ ಪೂರಾ ತಿದ್ರಿ," ಅಂದೆ. ನನ್ನ ದನಿ ನನಗೇ ತರಗತಿಯ ದನಿಯ ಹಾಗೆ ಕೇಳಿತು. "ಮೂರು ಮಕ್ಕಳು, ಮೂರು ಪಾಲು ಅಂತ ಬರೀರಿ. ಮನೀದಾಗ, ಅಂಗಡಿಯಾಗ, ಹೊಲದಾಗ. ಮೂಡಣ ಬದುವಿನ ಬಾರಿ ಗಿಡ ನನ್ನ ಕಡಿ ಬರ್ಬೇಕು."

ಗಿರಾಕಿ ವಾಚು ನೋಡಿಕೊಂಡು ಸ್ಕೂಟರಿನ ಕಡೆ ನಡೆದ. ಅಣ್ಣನ ಮುಖ ಕೆಂಪಾಯಿತು.

"ಅಪ್ಪ ಇದ್ದಿದ್ರ ಏನಂತಿದ್ದ?"

"ಏನಂತಿದ್ದಾ ಗೊತ್ತಿಲ್ಲ. ನಾ ಅಂತೀನಲ್ಲಾ ಈಗ."

ತಮ್ಮ ಸಿಟ್ಟಿನಿಂದ ಗೋಣಿಚೀಲ ಎತ್ತಿಕೊಂಡು ಜೀಪಿನ ಕಡೆ ಹೊರಟ. ತಡೆದೆ.

"ಅದನ್ನ ಎಲ್ಲಿ ಒಯ್ತಿ ವೀರೂ? ನನ್ನ ಸಹಿ ಇಲ್ಲದ ಪಾಲು ಪಾಲಲ್ಲ ಅಂತ ಮುನ್ಶೀನೇ ಹೇಳ್ತಾನ. ಅಂದ ಮ್ಯಾಲ ಟಾಕಿ ಇನ್ನೂ ಯಾರ ಪಾಲಿಗೂ ಬಂದಿಲ್ಲ. ಇಲ್ಲಿ ಇಡು. ನನ್ನ ಲೆಕ್ಕದಾಗ ಹಿಡಕೋ."

ಮುನ್ಶಿ ಕೆಮ್ಮಿದ. ತಮ್ಮ ಚೀಲವನ್ನು ಕಟ್ಟೆಯ ಮೇಲೆ ದೊಪ್ಪನೆ ಇಟ್ಟು ಹೋದ. ನಾನು ಅದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆ. ಮೊದಲ ಒದೆತಕ್ಕೇ ಗಾಡಿ ಎದ್ದಿತು.

ಮನೆಗೆ ಬಂದು ಟ್ರಂಕಿನಿಂದ ಹಸಿರು ಸೀರೆ ತೆಗೆದು ಅತ್ತಿಗೆಯ ಕೈಗೆ ಕೊಟ್ಟೆ, ಪೂನಂಗೆ ಕಳಿಸಿ ಎಂದು. ಮುಂದಿನ ಖೋಲಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಣ್ಣ ಕೋರ್ಟಿಗೆ ಹೋಗ್ತೀನಿ ಎನ್ನುತ್ತ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾನೆ. ಕೋರ್ಟು ಅಂದರೆ ಕೋರ್ಟು. ನಡೆಯಲಿ.

17 ಜನವರಿ, ರವಿವಾರ

ಮುಡಬಿಗೆ ಹೋಗಿ ಬಂದೆ. ರಾಬಿಯಾ ಆಪಾನ ತಗಡಿನ ಟಾಕಿ ಆಗಲೇ ಬೆಸುಗೆ ಬಿಟ್ಟು ತೊಟ್ಟಿಕ್ಕುತ್ತಿತ್ತು. ಕೆಳಗೆ ಬೋಗುಣಿ ಇಟ್ಟಿದ್ದರು. ನಾನು ಗೋಣಿಚೀಲ ಬಿಚ್ಚಿ ಕೆಂಪು ಟಾಕಿ ಕೊಟ್ಟೆ. ಇಬ್ಬರೂ ಸೇರಿ ಗೋಡೆಗೆ ತಂತಿ ಬಿಗಿದೆವು, ಕೊಳವೆ ಕೂರಿಸಿದೆವು, ಡೀಸೆಲ್ ಸುರಿದೆವು. ಒಂದು ಹನಿ ಸೋರಲಿಲ್ಲ. ಎಂಜಿನ್ ಹಿಡಿಯಿತು, ಬೆಲ್ಟು ತಿರುಗಿತು, ಸಾಲಿನ ಮೊದಲ ಪುಟ್ಟಿಯ ಜೋಳ ಒಳಗೆ ಬಿತ್ತು. ಮೇಲೆ ಹಿಟ್ಟು ಕೂರಲು ಶುರುವಾಯಿತು.

ಆಪಾ ನನ್ನನ್ನೇ ನೋಡುತ್ತಿದ್ದರು. "ಇದು ನಿಮ್ಮ ಅಬ್ಬಾಂದು ಅಲ್ಲೇನ್ರಿ ಬಾಯಿ? ಇದರ ಮ್ಯಾಲೇ ಕೂಡ್ತಿದ್ದೆ ಅಂದಿದ್ರಿ. ಕೊಡಾಕ ಮನಸ್ಸು ಹ್ಯಾಂಗ ಬಂತು? ಬೇಕಾದ್ರ ನನ್ನ ನೀಲಿ ಟಾಕಿ ವಾಪಸ್ ಕೊಡ್ರಿ, ನಾ ಏನೂ ಅನ್ನೂದಿಲ್ಲ."

"ನಾ ಈಗ ಸೀಟಿನ ಮ್ಯಾಲ ಕೂಡ್ತೀನಿ ಆಪಾ," ಅಂದೆ.

ಬರುವಾಗ ಐದು ಸೇರು ಜೋಳ ಬೀಸಿಸಿಕೊಂಡು ನೀಲಿ ಟಾಕಿಯ ಮೇಲೆ ಇಟ್ಟುಕೊಂಡು ಬಂದೆ. ಕಲ್ಯಾಣ ಮುಟ್ಟುವವರೆಗೂ ಹಿಟ್ಟು ಬೆಚ್ಚಗಿತ್ತು.